ಹೋಂಸ್ಟೇ ನಿಯಮಗಳನ್ನು ಅಡ್ವಾನ್ಸ್‌ಗೆ ಮೊದಲೇ ಓದಿಸುವುದು ಹೇಗೆ

ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆಯ ಹೋಂಸ್ಟೇಗಳಲ್ಲಿ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ಕೆಲವೇ ಕಾರಣಕ್ಕೆ: ಹೇಳಿದ್ದಕ್ಕಿಂತ ಹೆಚ್ಚು ಜನ, ರಾತ್ರಿ ಸ್ಪೀಕರ್, ಹೊತ್ತಲ್ಲದ ಹೊತ್ತಿನಲ್ಲಿ ಬರುವುದು, ಅಡ್ವಾನ್ಸ್ ವಾಪಸಾತಿ. ದುಡ್ಡು ಹಾಕುವ ಮುಂಚೆ ಓದಿಸಬೇಕಾದದ್ದು ಇವನ್ನು. ಜೊತೆಗೆ, ಮೊದಲೇ ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ ಎನಿಸುವ ಸಂಗತಿಗಳನ್ನೂ ತಿಳಿಸಿ: ನೆಟ್‌ವರ್ಕ್ ಸಿಗುವುದಿಲ್ಲ, ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತುತ್ತದೆ. ಗೀಸರ್, ಟವೆಲ್, ಕಸದ ಬುಟ್ಟಿಯ ವಿಚಾರ ಕೋಣೆಯ ಗೋಡೆಗಿರಲಿ.

ಇಪ್ಪತ್ತು ನಿಯಮ ಒಟ್ಟಿಗೆ ಕಳಿಸಿದರೆ ವಾಟ್ಸಾಪ್ ಅರ್ಧಕ್ಕೇ ಮಡಚಿಡುತ್ತದೆ. ಉಳಿದರ್ಧ ಬಿಚ್ಚಿ ನೋಡುವವರು ಕಡಿಮೆ. ಅದರ ಬದಲು ನಿಯಮವನ್ನು ಪ್ರಶ್ನೆಯ ಜೊತೆಗೇ ಹೇಳಿ:

"ಶನಿವಾರ ರೂಮ್ ಇದೆ ಸರ್. ಇಷ್ಟು ತಿಳಿಸಿದರೆ ಕ್ಯೂಆರ್ ಕಳಿಸ್ತೀವಿ. ಮಕ್ಕಳೂ ಸೇರಿ ಎಷ್ಟು ಜನ? ಆರು ಜನಕ್ಕಷ್ಟೇ ಜಾಗ. ಯಾವ ಗಾಡಿ? ಕೊನೆಯ 2 ಕಿ.ಮೀ. ಮಣ್ಣು ರಸ್ತೆ, ಸಣ್ಣ ಕಾರು ಹತ್ತಲ್ಲ, ಜೀಪಿಗೆ ಬೇರೆ ಚಾರ್ಜ್. ಎಷ್ಟು ಹೊತ್ತಿಗೆ ಬರ್ತೀರಿ? ರಾತ್ರಿ 8ರ ಮೇಲೆ ಜೀಪ್ ಇಲ್ಲ. 10ರ ಮೇಲೆ ಹೊರಗೆ ಸ್ಪೀಕರ್ ಇಲ್ಲ, ಆಗಬಹುದಾ?"

"ಓಕೆ" ಅಥವಾ ಹೆಬ್ಬೆರಳಿನ ಗುರುತು ಉತ್ತರವಲ್ಲ. "ಐದು ಜನ, ಇನ್ನೋವಾ, ಸಂಜೆ 5" ಎಂದು ಬಂದರೆ ಓದಿದ್ದಾರೆ ಎಂದರ್ಥ. ಅಲ್ಲಿಯತನಕ ಕ್ಯೂಆರ್ ಕಳಿಸಬೇಡಿ. ವಾರಾಂತ್ಯದ ಗಡಿಬಿಡಿಯಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ: ದುಡ್ಡು ಬಂದ ಮೇಲೆ ಹೇಳಿದ ನಿಯಮ ಅತಿಥಿಗೆ ಮೋಸದಂತೆ ಕಾಣುತ್ತದೆ, ಆ ಸಿಟ್ಟು ರಿವ್ಯೂನಲ್ಲಿ ಬರುತ್ತದೆ. ಈ ಸಂದೇಶವನ್ನು ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ಉಳಿಸಿಟ್ಟರೆ ಪ್ರತಿ ಸಲ ಟೈಪ್ ಮಾಡುವ ಕೆಲಸವಿಲ್ಲ.

ಕಾರಣ ಹೇಳಿದ ನಿಯಮಕ್ಕೆ ತಕರಾರು ಕಡಿಮೆ. "ಪಕ್ಕದ ಲೈನ್ ಮನೆಯ ತೋಟದ ಕಾರ್ಮಿಕರು ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕು" ಎಂದರೆ ಸ್ಪೀಕರ್ ವಿಷಯ ಅರ್ಥವಾಗುತ್ತದೆ. ವಿದೇಶಿ ಅತಿಥಿಗಳಿದ್ದರೆ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಅವರ ವಿವರ ಸಲ್ಲಿಸಬೇಕು, ಹಾಗಾಗಿ ಪಾಸ್‌ಪೋರ್ಟ್, ವೀಸಾ ಕೇಳುತ್ತೇವೆ ಎಂದೂ ಮೊದಲೇ ಬರೆಯಿರಿ.

ಏರ್‌ಬಿಎನ್‌ಬಿಯಲ್ಲಿ ಜನರ ಸಂಖ್ಯೆ, ಸಾಕುಪ್ರಾಣಿ, ಪಾರ್ಟಿ, ನಿಶ್ಶಬ್ದದ ಹೊತ್ತು ಇವಕ್ಕೆಲ್ಲ ಪ್ರತ್ಯೇಕ ಜಾಗವಿದೆ. ಅಲ್ಲೇ ತುಂಬಿ, ವಿವರಣೆಯ ತಳದಲ್ಲಿ ಹುದುಗಿಸಬೇಡಿ. ತಕ್ಷಣ ಬುಕ್ ಆಗುವ ಸೌಲಭ್ಯ ನಿಲ್ಲಿಸಿದರೆ ಒಪ್ಪುವ ಮುಂಚೆ ಇವೇ ಪ್ರಶ್ನೆ ಕೇಳಬಹುದು. ಓದದವರೂ ಫೋಟೊ ನೋಡುತ್ತಾರೆ, ಆದ್ದರಿಂದ ಮೊದಲ ಐದರಲ್ಲಿ ಒಂದು ಆ ಮಣ್ಣು ರಸ್ತೆಯದ್ದೇ ಇರಲಿ, ಮಳೆಗಾಲದಲ್ಲಿ ತೆಗೆದದ್ದಾದರೆ ಇನ್ನೂ ಒಳ್ಳೆಯದು.

ಗುಂಪಿನ ಬುಕಿಂಗ್‌ನಲ್ಲಿ ಓದುವವರು ಒಬ್ಬರು, ಬರುವವರು ಹತ್ತು ಜನ. ಸಂದೇಶವನ್ನು ಅವರ ಗ್ರೂಪಿಗೆ ಫಾರ್ವರ್ಡ್ ಮಾಡಲು ಹೇಳಿ, ಹಿಂದಿನ ದಿನ ಫೋನ್ ಮಾಡಿ ಜನ ಎಷ್ಟು, ಗಾಡಿ ಯಾವುದು ಎಂದು ಮತ್ತೊಮ್ಮೆ ಕೇಳಿಕೊಳ್ಳಿ.