ಐಷಾರಾಮಿ ಕಾರಿನ ಜಾಹೀರಾತಿನಲ್ಲಿರುವ ‘ಹಸಿರು’ ಮಾತನ್ನು ಪರೀಕ್ಷಿಸುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಶೋರೂಮುಗಳ ಮುಂದೆ ಹಾಯ್ದು ಹೋಗುವಾಗಲೋ, ಭಾನುವಾರದ ಪತ್ರಿಕೆ ಬಿಡಿಸಿದಾಗಲೋ, ಎರಡೂವರೆ ಟನ್ ತೂಕದ ಎಸ್‌ಯುವಿಯೊಂದು ಮಂಜು ಕವಿದ ಕಾಡಿನ ನಡುವೆ ನಿಂತ ಚಿತ್ರ ಕಾಣಿಸುವುದು ಈಗ ಹೊಸದಲ್ಲ. ‘ಪರಿಸರಸ್ನೇಹಿ’, ‘ಶುದ್ಧ ಚಾಲನೆ’ ಎಂಬ ಮಾತುಗಳು ಅದರ ನೆತ್ತಿಯ ಮೇಲಿರುತ್ತವೆ. ಅಂಥ ಮಾತು ಎಷ್ಟರ ಮಟ್ಟಿಗೆ ನಿಜವೆಂದು ತಿಳಿಯಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಯಾವುದಕ್ಕೆ ಹೋಲಿಸಿ ಈ ಮಾತು ಹೇಳಿದ್ದಾರೆ ಎಂಬ ಒಂದೇ ಪ್ರಶ್ನೆಯನ್ನು ಬಿಡದೆ ಕೇಳುತ್ತ ಹೋದರೆ ಸಾಕು.

ಮೊದಲು ಜಾಹೀರಾತನ್ನು ಇಡಿಯಾಗಿ ಉಳಿಸಿಕೊಳ್ಳಿ. ಪತ್ರಿಕೆಯಾದರೆ ಹೆಸರು ಮತ್ತು ದಿನಾಂಕ ಕಾಣುವಂತೆ ಕತ್ತರಿಸಿಡಿ. ಹೋರ್ಡಿಂಗ್ ಆದರೆ ಹತ್ತಿರದಿಂದ ಒಂದು, ರಸ್ತೆಯ ಗುರುತು ಸಿಗುವಂತೆ ದೂರದಿಂದ ಒಂದು ಫೋಟೊ ತೆಗೆಯಿರಿ. ನಾನು ತೆಗೆದಿಟ್ಟ ಒಂದು ಅರ್ಧ ಪುಟದ ಜಾಹೀರಾತಿನಲ್ಲಿ ಎಲೆಯ ಚಿತ್ರವೇ ಅಂಗೈಯಗಲವಿತ್ತು. ‘ಪ್ರಯೋಗಾಲಯದ ಪರೀಕ್ಷೆಯ ಪ್ರಕಾರ’ ಎಂಬ ಸಾಲು ಮಾತ್ರ ಬೂದು ಬಣ್ಣದ ಹಿನ್ನೆಲೆಯಲ್ಲಿ ಬೂದು ಅಕ್ಷರದಲ್ಲಿತ್ತು, ಅದನ್ನು ಓದಲು ಭೂತಗನ್ನಡಿ ಹಿಡಿಯಬೇಕಾಯಿತು. ಅಸಲು ಸಂಗತಿ ಬಹುತೇಕ ಅಲ್ಲಿಯೇ ಇರುತ್ತದೆ.

ಮುಂದೆ, ಕಾನೂನು ಕಡ್ಡಾಯ ಮಾಡಿದ್ದನ್ನೇ ಹೆಗ್ಗಳಿಕೆಯಾಗಿ ತೋರಿಸಿದ್ದರೆ ಅದನ್ನು ಲೆಕ್ಕದಿಂದ ತೆಗೆದುಬಿಡಿ. ಬಿಎಸ್‌–6 ಎಂಬ ಹೊಗೆಮಿತಿಯ ಮಾನದಂಡ 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಹೊಸ ಕಾರುಗಳಿಗೂ ಅನ್ವಯಿಸುತ್ತದೆ. ಅದನ್ನು ಪಾಲಿಸಿದ್ದಕ್ಕೆ ಯಾವ ಕಂಪನಿಗೂ ಹಸಿರು ಪದಕ ಸಲ್ಲಬೇಕಾಗಿಲ್ಲ.

ಇನ್ನು ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ., ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 8 ಕಿ.ಮೀ. ಓಡುವ ದೊಡ್ಡ ಪೆಟ್ರೋಲ್ ಕಾರು ಪ್ರತಿ ಕಿ.ಮೀ.ಗೆ ಸುಮಾರು 290 ಗ್ರಾಂ ಉಗುಳಿದರೆ, 20 ಕಿ.ಮೀ. ಓಡುವ ಸಣ್ಣ ಕಾರು ಉಗುಳುವುದು 115 ಗ್ರಾಂ. ಈಗ ‘ಶೇ. 20ರಷ್ಟು ಕಡಿಮೆ ಮಾಲಿನ್ಯ’ ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೋಲಿಕೆ ಅದೇ ಕಂಪನಿಯ ಹಳೆಯ ಎಸ್‌ಯುವಿಯ ಜೊತೆಗಾದರೆ 290 ಇದ್ದದ್ದು 232 ಆಯಿತು, ಅಷ್ಟೇ. ಸಣ್ಣ ಕಾರಿನ ಎರಡು ಪಟ್ಟು ಉಗುಳುತ್ತಲೇ ಅದು ‘ಹಸಿರು’ ಎನಿಸಿಕೊಂಡಿತು. 2007ರಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ಲೆಕ್ಸಸ್ ಆರ್‌ಎಕ್ಸ್ 400ಎಚ್ ಎಂಬ ಹೈಬ್ರಿಡ್ (ಎಂಜಿನ್ನೂ ಬ್ಯಾಟರಿಯೂ ಇರುವ) ಎಸ್‌ಯುವಿಯ ಜಾಹೀರಾತಿನ ವಿರುದ್ಧ ತೀರ್ಪು ಕೊಟ್ಟಾಗ ಎದ್ದ ಪ್ರಶ್ನೆಯೂ ಇದೇ: ತನ್ನ ವರ್ಗದ ವಾಹನಗಳಿಗೆ ಹೋಲಿಸಿದರೆ ಅದರ ಹೊಗೆ ಕಡಿಮೆ ಇರಬಹುದು, ಎಲ್ಲ ಕಾರುಗಳ ನಡುವೆ ನಿಲ್ಲಿಸಿದರೆ ಕಡಿಮೆ ಎನ್ನಲಾದೀತೇ?

ಪ್ಲಗ್‌–ಇನ್ ಹೈಬ್ರಿಡ್, ಅಂದರೆ ಬ್ಯಾಟರಿಯನ್ನು ಹೊರಗಿನಿಂದ ಚಾರ್ಜ್ ಮಾಡಬಹುದಾದ ಹೈಬ್ರಿಡ್ ಕಾರುಗಳ ಮೈಲೇಜನ್ನು ಇನ್ನೂ ಸಂಶಯದಿಂದ ಓದಬೇಕು. ಆ ಅಂಕಿ ಬರುವುದು ಮಾಲೀಕರು ಆಗಾಗ ಚಾರ್ಜ್ ಮಾಡುತ್ತಾರೆಂಬ ಊಹೆಯ ಮೇಲೆ. ಬ್ಯಾಟರಿಯ ಮೇಲೆ 50 ಕಿ.ಮೀ. ಓಡುವ ಕಾರನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡಿಸಿದರೆ ಶಿಗ್ಗಾಂವಿಯ ಆಸುಪಾಸಿನಲ್ಲಿಯೇ ಚಾರ್ಜ್ ಮುಗಿಯುತ್ತದೆ. ಅಲ್ಲಿಂದ ಮುಂದೆ ಎಂಜಿನ್ ತನ್ನ ಜೊತೆಗೆ ಬರಿದಾದ ಬ್ಯಾಟರಿಯ ಭಾರವನ್ನೂ ಎಳೆಯಬೇಕು. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಂಥ ಕಾರುಗಳು ರಸ್ತೆಯ ಮೇಲೆ ಹೊರಸೂಸಿದ್ದು ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು.

ವಿದ್ಯುತ್ ಕಾರಿನ ‘ಶೂನ್ಯ ಹೊರಸೂಸುವಿಕೆ’ ಸೈಲೆನ್ಸರಿಗೆ ಸಂಬಂಧಿಸಿದ ಮಾತು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಬೀಳುವುದರಿಂದ, 100 ಕಿ.ಮೀ.ಗೆ 25 ಯೂನಿಟ್ ಬೇಡುವ ಭಾರಿ ಕಾರಿನ ಪಾಲಿಗೆ ಕಿ.ಮೀ.ಗೆ ಸುಮಾರು 175 ಗ್ರಾಂ ಬರುತ್ತದೆ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇದು ಖಂಡಿತ ಮೇಲು, ಆದರೆ ಶೂನ್ಯವಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಣ್ಣಾರೆ ಕಾಣುವ ನಮಗೆ ನಮ್ಮೂರ ವಿದ್ಯುತ್ತೆಲ್ಲ ಗಾಳಿಯದೇ ಎನ್ನಿಸಬಹುದು. ಆ ವಿದ್ಯುತ್ತೂ ಕಲ್ಲಿದ್ದಲಿನ ವಿದ್ಯುತ್ತೂ ಒಂದೇ ಗ್ರಿಡ್‌ನಲ್ಲಿ ಬೆರೆಯುತ್ತವೆ.

ಲೆಕ್ಕ ಹಾಕಿದ ಮೇಲೆ ಶೋರೂಮಿಗೆ ಹೋಗಿ, ಆದರೆ ಬಾಯಿಮಾತಿಗೆ ತೃಪ್ತರಾಗಬೇಡಿ. ನಾನು ಕೇಳಿದಾಗ ಅಲ್ಲಿಯ ಹುಡುಗ, ‘ಅದು ಕಂಪನಿಯವ್ರು ಕೊಟ್ಟದ್ದರೀ ಸರ, ನಾವು ಬರದದ್ದಲ್ರೀ’ ಎಂದು ಪ್ರಾಮಾಣಿಕವಾಗಿಯೇ ಹೇಳಿದ. ಅವನ ತಪ್ಪಿಲ್ಲ. ಹೋಲಿಕೆ ಯಾವ ಮಾದರಿಯ ಜೊತೆ, ಪರೀಕ್ಷೆ ನಡೆಸಿದವರು ಯಾರು, ‘ಇಂಗಾಲ ತಟಸ್ಥ’ (ಹೊರಬಿಟ್ಟಷ್ಟು ಇಂಗಾಲವನ್ನು ಸರಿದೂಗಿಸಲಾಗಿದೆ) ಎಂದರೆ ಕಾರೋ ಕಾರ್ಖಾನೆಯೋ ಎಂಬ ಮೂರು ಪ್ರಶ್ನೆಗಳನ್ನು ಕಂಪನಿಗೆ ಇಮೇಲ್‌ನಲ್ಲಿ ಕಳಿಸಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ‘ಹಸಿರು’, ‘ಶುದ್ಧ’, ‘ಪರಿಸರಸ್ನೇಹಿ’ ಎಂಬಂಥ ಪದಗಳನ್ನು ಸೂಕ್ತ ವಿವರಣೆ ಮತ್ತು ಆಧಾರವಿಲ್ಲದೆ ಬಳಸುವಂತಿಲ್ಲ; ಹೋಲಿಕೆಗೆ ಪರಿಶೀಲಿಸಬಹುದಾದ ಮಾಹಿತಿಯ ಬೆಂಬಲವಿರಬೇಕು. ಆದರೆ ‘ನಮ್ಮ ಬೆಳವಣಿಗೆ ಸುಸ್ಥಿರತೆಯ ತತ್ವದ ಮೇಲೆ ನಿಂತಿದೆ’ ಎಂಬಂಥ ಕಂಪನಿಯ ಧ್ಯೇಯವಾಕ್ಯ ಈ ನಿಯಮಕ್ಕೆ ಸಿಗುವುದಿಲ್ಲ. ಆದ್ದರಿಂದ ನಿರ್ದಿಷ್ಟ ಕಾರಿನ ಬಗ್ಗೆ ಹೇಳಿದ ಸಾಲನ್ನೇ ಹಿಡಿದು ಬರೆಯಿರಿ.

ಉತ್ತರ ಬಾರದಿದ್ದರೆ ಅಥವಾ ಹಾರಿಕೆಯದಾಗಿದ್ದರೆ, ಜಾಹೀರಾತಿನ ಪ್ರತಿ, ನಿಮ್ಮ ಇಮೇಲ್ ಮತ್ತು ಒಂದು ಪುಟದ ಲೆಕ್ಕ ಸೇರಿಸಿ ದೂರು ಕೊಡಿ. ಇದಕ್ಕೆ ನೀವು ಕಾರು ಕೊಂಡಿರಬೇಕೆಂದಿಲ್ಲ. ಚಿಗರಿ ಬಸ್ಸಿನಲ್ಲಿ ಓಡಾಡುವವರೂ ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 17ನೆಯ ಕಲಮಿನಂತೆ ಗ್ರಾಹಕ ಸಮೂಹಕ್ಕೆ ಹಾನಿ ಮಾಡುವ ತಪ್ಪು ಜಾಹೀರಾತಿನ ದೂರನ್ನು ಜಿಲ್ಲಾಧಿಕಾರಿಗೂ ಸಲ್ಲಿಸಲು ಬರುತ್ತದೆ, ಎಂದರೆ ಧಾರವಾಡದಲ್ಲಿಯೇ ಕೆಲಸ ಮುಗಿಯುತ್ತದೆ. 1915 ಸಹಾಯವಾಣಿಗೂ, ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಆಸ್ಕಿಗೂ ತಿಳಿಸಬಹುದು. ಕೇಂದ್ರ ಪ್ರಾಧಿಕಾರ ವಿಧಿಸಬಹುದಾದ ದಂಡ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ. ಕೋಟಿ ಬೆಲೆಯ ಕಾರು ಮಾರುವವರಿಗೆ ಮೊದಲನೆಯದು ದೊಡ್ಡ ಮೊತ್ತವೇನಲ್ಲ. ಜಾಹೀರಾತು ಹಿಂತೆಗೆಯಬೇಕೆಂಬ ಆದೇಶವೇ ಅವರಿಗೆ ಹೆಚ್ಚು ನಾಟುತ್ತದೆ.

ಆ ಮಾತನ್ನು ನಂಬಿ ಕಾರು ಕೊಂಡವರ ದಾರಿ ಬೇರೆ. ಅವರು ಪರಿಹಾರಕ್ಕಾಗಿ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕೊಟ್ಟ ಬೆಲೆ 50 ಲಕ್ಷ ಮೀರಿದ್ದರೆ ಜಿಲ್ಲಾ ಆಯೋಗ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. 2 ಕೋಟಿಯವರೆಗಿನ ಪ್ರಕರಣಗಳು ರಾಜ್ಯ ಆಯೋಗದ ಮುಂದೆಯೇ ಬರಬೇಕು, ಮತ್ತು ಅಲ್ಲಿ ಮೊದಲು ಬೇಕಾಗುವುದು ಬುಕಿಂಗ್ ಮಾಡಿದ ದಿನಕ್ಕಿಂತ ಹಿಂದಿನ ತಾರೀಖಿರುವ ಆ ಜಾಹೀರಾತಿನ ಪ್ರತಿ.