ಮಗು ಕಾಣುತ್ತಿಲ್ಲವೇ? ಎಫ್‌ಐಆರ್ ಹೀಗೆ ಮಾಡಿಸಿ

1978ರ ಆಗಸ್ಟ್ 26, ಶನಿವಾರ ಸಂಜೆ. ದೆಹಲಿಯ ಧೌಲಾ ಕುವಾದ ಮನೆಯಿಂದ ಅಕ್ಕ, ತಮ್ಮ ಇಬ್ಬರೂ ಆಕಾಶವಾಣಿಗೆ ಹೊರಟರು. ಗೀತಾ ಚೋಪ್ರಾಗೆ 16 ವರ್ಷ, ಸಂಜಯ್‌ಗೆ 14. ತಂದೆ ನೌಕಾಪಡೆಯ ಅಧಿಕಾರಿ. ಅಲ್ಲಿನ ಯುವವಾಣಿಯಲ್ಲಿ ಅವರ ಕಾರ್ಯಕ್ರಮವಿತ್ತು. ದಾರಿಯಲ್ಲಿ ಅವರು ಹತ್ತಿದ ಫಿಯೆಟ್ ಕಾರಿನಲ್ಲಿ ರಂಗಾ ಮತ್ತು ಬಿಲ್ಲಾ ಎಂಬ ಇಬ್ಬರು ಇದ್ದರು. ಓಡುವ ಕಾರಿನೊಳಗೆ ಮಕ್ಕಳು ಆ ಇಬ್ಬರೊಂದಿಗೆ ಕಿತ್ತಾಡುತ್ತಿರುವುದನ್ನು ರಸ್ತೆಯಲ್ಲಿದ್ದವರು ಕಂಡರು. ಒಬ್ಬರು ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿದರು. ಸ್ಕೂಟರಿನಲ್ಲಿದ್ದ ಇನ್ನೊಬ್ಬರು ಕಾರಿನ ಹಿಂದೆ ಹೋಗಿ, ಆಮೇಲೆ ರಾಜಿಂದರ್ ನಗರ ಠಾಣೆಯಲ್ಲಿ ಕಂಡದ್ದನ್ನು ಕಂಡ ಹಾಗೇ ಹೇಳಿದರು. ಅಲ್ಲಿ ಇದು ಯಾವ ಠಾಣೆಯ ಸರಹದ್ದು ಎಂಬ ಮಾತು ಬಂತು. ಹೊತ್ತು ಹೋಯಿತು. ಮಕ್ಕಳ ಶವಗಳು ರಿಜ್ ಕಾಡಿನಲ್ಲಿ ಸಿಕ್ಕವು.

ಆ ಸಂಜೆ ಬೇಗ ಓಡಾಡಿದ್ದರೆ ಮಕ್ಕಳು ಬದುಕುತ್ತಿದ್ದರೋ ಇಲ್ಲವೋ ಯಾರೂ ಹೇಳಲಾರರು. ಆದರೆ ಸರಹದ್ದಿನ ಮಾತು ಇವತ್ತಿಗೂ ನಿಂತಿಲ್ಲ. ನಾನು ಕಾನೂನು ನೆರವಿನ ಸ್ವಯಂಸೇವಕನಾಗಿ ಕೆಲವು ವರ್ಷ ಓಡಾಡಿದ್ದೇನೆ. ಮಗು ಕಾಣದೆ ಹೋದಾಗ ಮನೆಯವರು ಎಲ್ಲಿ ಎಡವುತ್ತಾರೆ ಎಂದು ಕಣ್ಣಾರೆ ನೋಡಿದ್ದೇನೆ. ಹೆಚ್ಚಿನವರು ಎಡವುವುದು ಠಾಣೆಯ ಮೇಜಿನ ಮುಂದೆ.

ಮೊದಲ ಕೆಲಸ: 112

ಮನೆ, ಮಹಡಿ, ನೀರಿನ ಸಂಪು, ಪಕ್ಕದ ಮನೆ, ಮಗುವಿನ ಗೆಳೆಯರು. ಇಷ್ಟು ನೋಡಲು ಹತ್ತು ನಿಮಿಷ ಸಾಕು. ಆಮೇಲೆ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಲಿ. ರೈಲು ನಿಲ್ದಾಣ ಹತ್ತಿರವಿದ್ದರೆ ಒಬ್ಬರನ್ನು ಅಲ್ಲಿಗೂ ಓಡಿಸಿ. 24 ಗಂಟೆ ಕಾಯಬೇಕು ಎಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ವಿದ್ಯಾವಂತರೂ ಇದನ್ನು ನಂಬಿ ಕೂರುತ್ತಾರೆ, ಅದೇ ಬೇಸರ.

ಏನು ತೆಗೆದುಕೊಂಡು ಹೋಗಬೇಕು

ಇತ್ತೀಚಿನ ಒಂದು ಫೋಟೊ, ವಯಸ್ಸಿನ ದಾಖಲೆ, ಆ ದಿನ ಹಾಕಿದ್ದ ಬಟ್ಟೆಯ ವಿವರ, ಮೈಮೇಲಿನ ಮಚ್ಚೆ ಅಥವಾ ಗಾಯದ ಗುರುತು. ಫಿಲ್ಟರ್ ಹಾಕಿದ ಫೋಟೊ ಬೇಡ. ಮದುವೆ ಮನೆಯಲ್ಲಿ ಮೇಕಪ್ ಮಾಡಿ ತೆಗೆದದ್ದೂ ಬೇಡ. ವಯಸ್ಸಿನ ದಾಖಲೆ ಕೈಗೆ ಸಿಗದಿದ್ದರೆ ಅದಕ್ಕಾಗಿ ಬೀರು ಕೆದಕುತ್ತ ಕೂರಬೇಡಿ, ಹೊರಡಿ.

ಠಾಣೆಯಲ್ಲಿ

ಇಲ್ಲಿ ನಿಧಾನವಾಗಿ ಓದಿ.

ಮೊದಲು, ದೂರು ಬರವಣಿಗೆಯಲ್ಲಿ ಇರಲಿ. ಬಿಳಿ ಹಾಳೆ ಸಾಕು. ಮಗುವನ್ನು ಕೊನೆಗೆ ಯಾರು ನೋಡಿದ್ದು, ಎಷ್ಟು ಗಂಟೆಗೆ, ಎಲ್ಲಿ. ಅನುಮಾನ ಇದ್ದರೆ ಯಾರ ಮೇಲೆ, ಯಾಕೆ. ಇಷ್ಟೇ ಬರೆಯಿರಿ. ‘ಮನೆಯಲ್ಲಿ ಬೈದಿದ್ದೆ, ಅದಕ್ಕೇ ಹೋಗಿರಬಹುದು’ ಎಂದು ಊಹೆಯನ್ನು ದೂರಿನಲ್ಲಿ ಸೇರಿಸಬೇಡಿ. ಬೈದದ್ದು ನಿಜವಾದರೆ ತನಿಖಾಧಿಕಾರಿಗೆ ಮುಚ್ಚಿಡದೆ ಹೇಳಿ. ಆದರೆ ಮಗು ತಾನಾಗಿ ಹೋಯಿತು ಎಂಬ ತೀರ್ಮಾನವನ್ನು ನೀವೇ ಬರೆದುಕೊಟ್ಟರೆ ಹುಡುಕಾಟ ಅಲ್ಲೇ ಸಡಿಲವಾಗುತ್ತದೆ. ಒಂದು ತಾಯಿ ಅಳುತ್ತಾ ಹೀಗೇ ಬರೆದುಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಆಮೇಲೆ ಎದುರಿನಿಂದ ಮೂರು ಮಾತುಗಳು ಬರಬಹುದು.

ಒಂದು, ‘ನೆಂಟರ ಮನೆಗೆ ಹೋಗಿರ್ತಾನೆ, ನಾಳೆ ಬನ್ನಿ.’ 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. 18 ವರ್ಷದೊಳಗಿನವರು ಕಾಣೆಯಾದರೆ ಅಪಹರಣ ಅಥವಾ ಕಳ್ಳಸಾಗಣೆ ನಡೆದಿದೆ ಎಂದೇ ಭಾವಿಸಿ ಎಫ್‌ಐಆರ್ ಹಾಕಬೇಕು. ‘ಸಾರ್, ಮಗುವಿಗೆ ಹದಿನೆಂಟು ಆಗಿಲ್ಲ. ಅಪಹರಣ ಅಂತಲೇ ಎಫ್‌ಐಆರ್ ಮಾಡಿ’ ಎಂದು ಹೇಳಿ. ಜಗಳ ಬೇಡ, ಇದೇ ಮಾತನ್ನು ಮತ್ತೆ ಮತ್ತೆ ಹೇಳಿ.

ಎರಡು, ‘ಅದು ನಮ್ಮ ಲಿಮಿಟ್ಸ್ ಅಲ್ಲ.’ 1978ರ ಮಾತು ಇದೇ ಅಲ್ವಾ? 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾಯ್ದೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ನೀವು ಹೋದ ಠಾಣೆ ದೂರು ದಾಖಲಿಸಲೇಬೇಕು. ಇದನ್ನೇ ಝೀರೊ ಎಫ್‌ಐಆರ್ ಎನ್ನುತ್ತಾರೆ. ಸಂಬಂಧಪಟ್ಟ ಠಾಣೆಗೆ ಅದನ್ನು ಕಳಿಸುವುದು ಅವರ ಕೆಲಸ, ನಿಮ್ಮದಲ್ಲ. ಮಗು ಕಳೆದುಕೊಂಡ ಗಾರೆ ಕೆಲಸದ ಒಬ್ಬರನ್ನು ಒಂದೇ ರಾತ್ರಿಯಲ್ಲಿ ಎರಡು ಠಾಣೆಗಳ ನಡುವೆ ಮೂರು ಸಲ ಓಡಾಡಿಸಿದ್ದು ನನಗೆ ಇನ್ನೂ ಮರೆತಿಲ್ಲ. ನಾನು ಹೋಗಿ ‘ಝೀರೊ ಎಫ್‌ಐಆರ್’ ಎಂದ ಮೇಲೆ ರೈಟರ್ ಪೆನ್ನು ಎತ್ತಿಕೊಂಡರು. ಹುಡುಗ ಮರುದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ.

ಮೂರನೆಯದು ಕೇಳಲು ಸರಿಯೆನಿಸುವ ಮಾತು, ಹಾಗಾಗಿ ಹೆಚ್ಚು ಅಪಾಯ. ‘ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್‌ಐಆರ್.’ ಹೊಸ ಕಾಯ್ದೆಯಲ್ಲಿ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶ ಇರುವುದು ನಿಜ. ಆದರೆ ಅದು ಮೂರು ವರ್ಷದಿಂದ ಮೇಲೆ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಅಪರಾಧ, ಶಿಕ್ಷೆಗಳನ್ನು ಹೇಳುವ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಾಯ್ದೆಯ 137ನೇ ಸೆಕ್ಷನ್ನಿನ ಅಪಹರಣಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಹಾಗಾಗಿ ಆ ಅವಕಾಶ ಇದಕ್ಕೆ ಸಿಗುವುದಿಲ್ಲ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತ್ತು. ಆ ಪ್ರಕರಣ ಶುರುವಾದದ್ದೂ ಒಂದು ಬಾಲಕಿಯ ಅಪಹರಣದ ದೂರಿನಿಂದಲೇ.

ಎಫ್‌ಐಆರ್ ಆಯಿತು ಎಂದರೆ ಬಾಯಿಮಾತು ನಂಬಬೇಡಿ. ಕ್ರೈಂ ನಂಬರ್ ಕೇಳಿ. ಪ್ರತಿ ಉಚಿತವಾಗಿ ಕೊಡಬೇಕು, ಇಸಿದುಕೊಳ್ಳಿ. ಅದರಲ್ಲಿ ಸೆಕ್ಷನ್ ಏನಿದೆ ಎಂದು ಅಲ್ಲೇ ನಿಂತು ಓದಿ. ಪಿಟಿಷನ್ ತೆಗೆದುಕೊಂಡಿದ್ದೇವೆ ಎಂದು ಕೊಡುವ ಹಿಂಬರಹ ಎಫ್‌ಐಆರ್ ಅಲ್ಲ. ಆ ಚೀಟಿ ಹಿಡಿದು ವಾರಗಟ್ಟಲೆ ಸುಮ್ನೆ ಕಾದವರಿದ್ದಾರೆ.

ಅಷ್ಟಾಗಿಯೂ ಒಪ್ಪದಿದ್ದರೆ ದೂರನ್ನು ಎಸ್‌ಪಿ ಅವರಿಗೆ ಬರವಣಿಗೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳ ವಿಷಯಕ್ಕೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ದೂರನ್ನು ಎಲೆಕ್ಟ್ರಾನಿಕ್ ಆಗಿಯೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಮಗುವಿನ ವಿಷಯದಲ್ಲಿ ನಾನಂತೂ ನೇರವಾಗಿ ಹೋಗಿ ಎನ್ನುತ್ತೇನೆ. ‘ದೊಡ್ಡವರ ಕಡೆಯಿಂದ ಫೋನ್ ಮಾಡಿಸೋಣ’ ಎಂದು ಕಾಯುವ ಅಡ್ಡದಾರಿ ಬೇಡ. ವಸ್ತು ಕಳೆದಾಗ ಬಳಸುವ ಇ-ಲಾಸ್ಟ್ ಆ್ಯಪ್ ಇದಕ್ಕಲ್ಲ.

ಎಫ್‌ಐಆರ್ ಆದ ಮೇಲೆ ಮನೆಯಲ್ಲಿ

ಮಗುವಿನ ಬಾಚಣಿಗೆ, ಹಲ್ಲುಜ್ಜುವ ಬ್ರಷ್, ತೊಟ್ಟು ಬಿಟ್ಟ ಬಟ್ಟೆ ಯಾವುದನ್ನೂ ತೊಳೆಯಬೇಡಿ, ಬಿಸಾಡಬೇಡಿ. ಮುಂದೆ ಡಿಎನ್‌ಎ ಪರೀಕ್ಷೆಗೆ ಬೇಕಾಗಬಹುದು. ಮಗುವಿನ ಮೊಬೈಲ್ ಇದ್ದರೆ ಪಾಸ್‌ವರ್ಡ್ ತಪ್ಪು ತಪ್ಪು ಹಾಕಿ ಲಾಕ್ ಮಾಡಬೇಡಿ, ಹಾಗೇ ಪೊಲೀಸರಿಗೆ ಕೊಡಿ. ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ಉಳಿಸಲು ಆ ದಿನವೇ ಕೇಳಿ. ಹಣ ಕೇಳಿ ಕರೆ ಬಂದರೆ ನಂಬರ್, ಸಮಯ ಬರೆದಿಟ್ಟು ತಕ್ಷಣ ತನಿಖಾಧಿಕಾರಿಗೆ ತಿಳಿಸಿ.

ವಾಟ್ಸ್‌ಆ್ಯಪ್‌ನಲ್ಲಿ ‘ಹುಡುಕಿಕೊಟ್ಟರೆ ಬಹುಮಾನ’ ಎಂದು ಸ್ವಂತ ನಂಬರ್ ಹಾಕಬೇಡಿ. ದುಡ್ಡು ಕೀಳುವವರ ಕರೆಗಳೇ ಜಾಸ್ತಿ ಬರುತ್ತವೆ. ಕ್ರೈಂ ನಂಬರ್, ಠಾಣೆಯ ನಂಬರ್ ಹಾಕಿ. ಇನ್ನು ಮಕ್ಕಳ ಕೈಗೆ ಕಟ್ಟುವ ಅಗ್ಗದ ಜಿಪಿಎಸ್ ವಾಚುಗಳು. ಅದನ್ನು ಕಟ್ಟಿದ್ದೇವಲ್ಲ ಎಂಬ ಧೈರ್ಯದಲ್ಲಿ ಇರಬೇಡಿ. ಬಿಚ್ಚಿ ಎಸೆಯಲು ಅರೆ ನಿಮಿಷ ಸಾಕು. ಆ ದುಡ್ಡಿಗಿಂತ ಮಗುವಿಗೆ ಅಪ್ಪ ಅಮ್ಮನ ನಂಬರ್ ಬಾಯಿಪಾಠ ಮಾಡಿಸುವುದು ಮೇಲು.

ನಾಲ್ಕು ತಿಂಗಳಲ್ಲಿ ಮಗು ಸಿಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ದಿನಾಂಕ ಬರೆದಿಟ್ಟುಕೊಂಡು ನೀವೇ ಕೇಳಿ.

ಕೋರ್ಟಿನ ದಾರಿ

ರಂಗಾ, ಬಿಲ್ಲಾ 1978ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿಬಿದ್ದರು. ಓಡುವ ರೈಲಿನಲ್ಲಿ ಸೈನಿಕರ ಬೋಗಿ ಹತ್ತಿದ್ದರು. ಸೈನಿಕರು ಗುರುತು ಕೇಳಿ ಹಿಡಿದುಕೊಟ್ಟರು. 1979ರಲ್ಲಿ ವಿಚಾರಣಾ ಕೋರ್ಟ್ ಮರಣದಂಡನೆ ವಿಧಿಸಿತು, ಅದೇ ವರ್ಷ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟಿನಲ್ಲೂ ಅವರ ಅರ್ಜಿ ಬಿತ್ತು, ರಾಷ್ಟ್ರಪತಿಯವರ ಕ್ಷಮೆಯೂ ಸಿಗಲಿಲ್ಲ. 1982ರ ಜನವರಿ 31ರಂದು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಇಡೀ ದೇಶವೇ ಕಣ್ಣಿಟ್ಟಿದ್ದ ಕೇಸಿಗೇ ಮೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ದುಡಿದು ತಿನ್ನುವ ಮನೆಯವರು ಅಷ್ಟು ದಿನ ಒಬ್ಬರೇ ಓಡಾಡಲು ಆಗುವುದಿಲ್ಲ. ಮನೆಯಲ್ಲಿ ಒಬ್ಬರನ್ನು ಈ ಕೆಲಸಕ್ಕೇ ಇಟ್ಟುಕೊಳ್ಳಿ, ಎಲ್ಲ ಕಾಗದ ಅವರ ಕೈಯಲ್ಲೇ ಇರಲಿ.

ಅಂದು ಚೋಪ್ರಾ ದಂಪತಿಗೆ ಇಲ್ಲದ ಕೆಲವು ಹಕ್ಕುಗಳು ಇಂದು ನಿಮಗಿವೆ. ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು 90 ದಿನದೊಳಗೆ ತಿಳಿಸಬೇಕು. ಆರೋಪಿ ಕೋರ್ಟಿನಲ್ಲಿ ಖುಲಾಸೆಯಾದರೆ ಸರ್ಕಾರ ಸುಮ್ಮನಿದ್ದರೂ ನೀವೇ ಮೇಲ್ಮನವಿ ಹಾಕಬಹುದು. ಆರೋಪಿ ಪತ್ತೆಯಾಗದಿದ್ದರೂ ಪರಿಹಾರಕ್ಕೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅರ್ಜಿ ಕೊಡುವವರೇ ಕಡಿಮೆ.

ಮಗು ಸಿಕ್ಕಾಗ

ಖುಷಿಯಲ್ಲಿ ಠಾಣೆಯನ್ನು ಮರೆಯುತ್ತಾರೆ. ಕೂಡಲೇ ತಿಳಿಸಿ, ಹೇಳಿಕೆ ಆಗಲಿ, ಮಗುವನ್ನು ಯಾರು ಎಲ್ಲಿಗೆ ಕರೆದೊಯ್ದರು ಎಂಬುದು ದಾಖಲಾಗಲಿ. ನೀವೇ ಕೂರಿಸಿಕೊಂಡು ಹತ್ತು ಸಲ ಕೇಳಬೇಡಿ. ಆಮೇಲೆ ಹಂಚಿದ್ದ ಫೋಟೊಗಳನ್ನು ಗ್ರೂಪುಗಳಿಂದ ಒಂದೊಂದಾಗಿ ತೆಗೆಸಿ. ಸಿಕ್ಕಿ ಎರಡು ವರ್ಷವಾದ ಹುಡುಗಿಯ ‘ಕಾಣೆಯಾಗಿದ್ದಾಳೆ’ ಫೋಟೊ ಮೊನ್ನೆ ನನ್ನ ಮೊಬೈಲಿಗೇ ಬಂದಿತ್ತು. ಅವಳು ಈಗ ಹತ್ತನೇ ತರಗತಿ.