ಹಳೆಯ ಸೆಸ್ನಾವನ್ನು ಕಲಬುರಗಿಗೆ ತರಿಸುವುದು ಹೇಗೆ?

ವಿದೇಶದಿಂದ ಸೆಸ್ನಾ 172ರಂಥ ನಾಲ್ಕು ಸೀಟಿನ ಬಳಸಿದ ವಿಮಾನ ತರಿಸುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ರೇಟು. ನೋಡಬೇಕಾದ್ದು ಲಾಗ್‌ಬುಕ್. ಬಾಡಿ, ಎಂಜಿನ್, ಪ್ರೊಪೆಲ್ಲರ್ ಮೂರಕ್ಕೂ ಮೊದಲ ದಿನದಿಂದ ದಾಖಲೆ ಇಲ್ಲವೆಂದರೆ ಎಷ್ಟೇ ಅಗ್ಗವಿದ್ದರೂ ಕೈಬಿಡಿ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಾಯದ ಇಂಥ ಸಣ್ಣ ವಿಮಾನಗಳ ಅರ್ಜಿಯನ್ನು ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಂದೊಂದಾಗಿ, ದಾಖಲೆ ತೆಗೆಸಿ ನೋಡಿಯೇ ತೀರ್ಮಾನಿಸುತ್ತದೆ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ.

ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದು ಇನ್ನೂ ಮೊದಲಿನ ಪ್ರಶ್ನೆ. ಬೀದರಿನ ರನ್‌ವೇ ವಾಯುಪಡೆಯದು, ಯಾದಗಿರಿಯಲ್ಲಿ ನಿಲ್ದಾಣವೇ ಇಲ್ಲ. ಉಳಿಯುವುದು 2019ರ ನವೆಂಬರಿನಲ್ಲಿ ಶುರುವಾದ ಕಲಬುರಗಿ ನಿಲ್ದಾಣ. ರನ್‌ವೇ 3 ಕಿ.ಮೀ.ಗೂ ಉದ್ದ, ಜಾಗದ ಕೊರತೆಯಿಲ್ಲ. ಆದರೂ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್ಡು) ಜಾಗಕ್ಕೆ ಲಿಖಿತ ಒಪ್ಪಿಗೆ, ನಿರ್ವಹಣೆಗೆ ಡಿಜಿಸಿಎ ಅನುಮೋದಿತ ಸಂಸ್ಥೆ, ಇಂಥ ಎಂಜಿನ್ನಿಗೆ ಬೇಕಾದ 100ಎಲ್‌ಎಲ್ ವಿಮಾನ ಪೆಟ್ರೋಲ್ ಯಾರಿಂದ ಸಿಗುತ್ತದೆ ಎಂಬ ಉತ್ತರ, ಈ ಮೂರೂ ಕೈಗೆ ಬರುವ ಮುನ್ನ ಮುಂಗಡ ಕೊಡಬೇಡಿ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಊರಿನ ಎತ್ತರ ಸುಮಾರು 1,500 ಅಡಿ. ಆ ಎತ್ತರಕ್ಕೆ ಪ್ರಮಾಣಿತ ತಾಪ 12 ಡಿಗ್ರಿ. ಮೇ ತಿಂಗಳಲ್ಲಿ 42 ಆದರೆ ಹೆಚ್ಚಿದ 30 ಡಿಗ್ರಿಗೆ, ಡಿಗ್ರಿಗೆ 120 ಅಡಿಯಂತೆ 3,600 ಅಡಿ ಸೇರಿಸಬೇಕು. ಅಂದರೆ ನೆಲದ ಮೇಲೆ ನಿಂತಿರುವಾಗಲೇ ಎಂಜಿನ್ನಿಗೆ 5,100 ಅಡಿಯ ತೆಳು ಗಾಳಿ. 150 ಕುದುರೆಶಕ್ತಿಯ ಹಳೆಯ 172 ನಾಲ್ವರನ್ನು ಹೊತ್ತು ಮಧ್ಯಾಹ್ನ ಏರಲು ತಿಣುಕುತ್ತದೆ. 180 ಕುದುರೆಶಕ್ತಿಯ 172ಎಸ್ ವಾಸಿ.

ಕಾಗದದ ಸರದಿ ತಪ್ಪಿದರೆ ತಿಂಗಳುಗಟ್ಟಲೆ ಹೋಗುತ್ತದೆ. ಅಮೆರಿಕದ ವಿಮಾನವಾದರೆ ಓಕ್ಲಹೋಮ ಸಿಟಿಯಲ್ಲಿರುವ ಅಲ್ಲಿನ ವಿಮಾನ ನೋಂದಣಿ ದಾಖಲೆಯಲ್ಲಿ ಸಾಲ ಬಾಕಿ ಇದೆಯೇ ನೋಡಿಸಿ. ಮಾರುವವನಿಗೆ ಸೇರದ ಮೆಕ್ಯಾನಿಕ್ಕಿನಿಂದ ತಪಾಸಣೆ ಮಾಡಿಸಿ. ಡಿಜಿಸಿಎ ಅನುಮತಿ ಬರಲಿ. ಆಮೇಲೆ ರಫ್ತು ಹಾರಾಟ ಯೋಗ್ಯತಾ ಪತ್ರ, ಕೊನೆಗೆ ಅಲ್ಲಿನ ನೋಂದಣಿ ರದ್ದು. ರದ್ದಾದ ವಿಮಾನ ಅಲ್ಲಿ ಹಾರುವಂತಿಲ್ಲ, ಆದ್ದರಿಂದ ಪರೀಕ್ಷಾ ಹಾರಾಟ ಅದಕ್ಕೂ ಮುಂಚೆ ಮುಗಿದಿರಬೇಕು. ರದ್ದತಿ ಪತ್ರವಿಲ್ಲದೆ ಇಲ್ಲಿ ಭಾರತೀಯ ನೋಂದಣಿಯ ವಿಟಿ ಅಕ್ಷರ ಸಿಗದು; ಒಂದು ವಿಮಾನಕ್ಕೆ ಎರಡು ದೇಶದ ನೋಂದಣಿ ಇರುವಂತಿಲ್ಲ. ಹಿಂದಿನ ಮಾಲೀಕ ಹಾಕಿಸಿದ ರೇಡಿಯೊ, ಆಟೊಪೈಲಟ್‌ಗಳ ಅನುಮೋದನೆಯ ಕಾಗದವನ್ನೂ ಬಿಡದೆ ಕೇಳಿ ಪಡೆಯಿರಿ. ಹಡಗು ಹೊರಟ ಮೇಲೆ ಯಾರೂ ಹುಡುಕಿ ಕಳಿಸುವುದಿಲ್ಲ.

ತೆರಿಗೆಯಲ್ಲಿ ಬಳಕೆಯೇ ಮುಖ್ಯ. ಖಾಲಿ ತೂಕ 2,000 ಕೆ.ಜಿ. ಒಳಗಿನ ವಿಮಾನ ಸುಂಕ ಪಟ್ಟಿಯ 8802 20 ಶೀರ್ಷಿಕೆಗೆ ಸೇರುತ್ತದೆ. ಸ್ವಂತ ಬಳಕೆಗಾದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 40%, ಉಳಿದದ್ದಕ್ಕೆ 5%. ತರಬೇತಿಗೆಂದು ರಿಯಾಯಿತಿ ಪಡೆದು ಮನೆಮಂದಿಯನ್ನು ಸುತ್ತಾಡಿಸಿದರೆ ಬಿಟ್ಟ ಸುಂಕವನ್ನು ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಹಾರಿಸಿಕೊಂಡು ತರುವುದಕ್ಕಿಂತ 40 ಅಡಿಯ ಹೈಕ್ಯೂಬ್ (ಎತ್ತರ ಹೆಚ್ಚಿರುವ) ಕಂಟೇನರಿನಲ್ಲಿ ಹಡಗಿನಿಂದ ತರಿಸುವುದು ಲೇಸು. ಅದರ ಒಳಗಲ 2.35 ಮೀಟರ್, 172ರ ಹಿಂದಿನ ಎರಡು ಚಕ್ರಗಳ ನಡುವೆಯೇ ಸುಮಾರು 2.55 ಮೀಟರ್. ರೆಕ್ಕೆ, ಬಾಲ ಬಿಚ್ಚಿದರೆ ಸಾಲದು, ಚಕ್ರದ ಕಾಲುಗಳನ್ನೂ ಬಿಚ್ಚಿ ಚೌಕಟ್ಟಿನ ಮೇಲೆ ಕೂರಿಸಬೇಕು. ಚೌಕಟ್ಟಿನ ಮರಕ್ಕೆ ಕೀಟ ಸಂಸ್ಕರಣೆಯ ಮುದ್ರೆ ಬೇಕು.

ಈ 172ಗಳ ಲೈಕಮಿಂಗ್ ಎಂಜಿನ್ನಿನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿದೆ. ನಿಂತಲ್ಲೇ ನಿಂತರೆ ಎಣ್ಣೆ ಇಳಿದು, ಸಮುದ್ರದ ತೇವಕ್ಕೆ ಅಲ್ಲೇ ಮೊದಲು ತುಕ್ಕು. ಸಂರಕ್ಷಣಾ ಎಣ್ಣೆ ಹಾಕಿ ಓಡಿಸಿ, ಸ್ಪಾರ್ಕ್ ಪ್ಲಗ್ ತೆಗೆದ ಜಾಗಕ್ಕೆ ತೇವ ಹೀರುವ ಪ್ಲಗ್ ಕೂರಿಸಿ, ಸೈಲೆನ್ಸರ್ ಬಾಯಿ ಮುಚ್ಚಿಸಿ. ಆಮೇಲೆ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಬಾರದು, ಹಿಡಿದ ಎಣ್ಣೆ ಒರೆಸಿಹೋಗುತ್ತದೆ. ಬಂದಿಳಿದಾಗ ಪ್ಲಗ್ಗಿನೊಳಗಿನ ನೀಲಿ ಹರಳು ಗುಲಾಬಿಯಾಗಿದ್ದರೆ ತೇವ ಒಳಹೊಕ್ಕಿದೆ. ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನೊಳಗೆ ಬೋರ್‌ಸ್ಕೋಪ್ (ಒಳಗನ್ನು ತೋರಿಸುವ ಸಣ್ಣ ಕ್ಯಾಮೆರಾ) ಇಳಿಸಿ ನೋಡಿ.

ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಸೊಲ್ಲಾಪುರ ಮಾರ್ಗವಾಗಿ ಲಾರಿ ಬರುತ್ತದೆ. ಜೋಡಿಸುವುದು ಲೈಸೆನ್ಸ್ ಇರುವ ಎಂಜಿನಿಯರ್‌ರ ಕೆಲಸ. ಎರೆ ಮಣ್ಣಿನ ಧೂಳು ಎದ್ದಿರುವಾಗ ತೆರೆದ ಜಾಗದಲ್ಲಿ ಜೋಡಣೆ ಬೇಡ. ರೆಕ್ಕೆಯ ಹಿಂದಿನ ಬೋಲ್ಟಿಗೆ ನಡುವಿನಿಂದ ಪಕ್ಕಕ್ಕೆ ಸರಿದ ರಂಧ್ರದ ಬುಷ್ ಇರುತ್ತದೆ. ಬಿಚ್ಚುವಾಗ ಅದರ ಸ್ಥಾನಕ್ಕೆ ಗೆರೆ ಹಾಕಿರದಿದ್ದರೆ ಜೋಡಿಸಿದ ಮೇಲೆ ವಿಮಾನ ಒಂದು ಕಡೆಗೆ ವಾಲುತ್ತಲೇ ಇರುತ್ತದೆ. ಅಪಘಾತವಾದರೆ ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಅಪಾಯ ಸೂಚಕದಲ್ಲಿ ಅಮೆರಿಕದ ದೇಶ ಕೋಡ್ ಅಳಿಸಿ ಭಾರತದ 419 ಹಾಕಿಸಿ, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ನೋಂದಾಯಿಸಿ. ಇನ್ನು ಏಲಿರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿ ಏರಿಳಿಯುವ ಹಲಗೆ) ತಂತಿಗಳು: ಚೀಟಿ ಕಟ್ಟದೆ ಬಿಚ್ಚಿದ್ದರೆ ಅದಲುಬದಲಾಗುವುದು ಸುಲಭ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದಾಗ ಬಲ ಏಲಿರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ಇದನ್ನು ಜೋಡಿಸಿದವರಲ್ಲದೆ ಎರಡನೆಯವರೂ ಹೊರಗೆ ನಿಂತು ನೋಡಿ ಸಹಿ ಹಾಕಬೇಕು.